ಮಳೆಯ ಲೆಕ್ಕ, ಬಾವಿಯ ಲೆಕ್ಕ

ಬಂದಳಿಕೆಗೆ ಹೋಗುವವರು ಶಾಂತಿನಾಥ ಬಸದಿಯನ್ನೂ ಸೋಮೇಶ್ವರ, ತ್ರಿಮೂರ್ತಿ ದೇವಾಲಯಗಳನ್ನೂ ಕಂಡು ಮರಳುವುದು ವಾಡಿಕೆ. ನಾಗರಖಂಡದ ಮುಖ್ಯಪಟ್ಟಣವಾಗಿದ್ದ ಈ ಊರಿನ ಸುತ್ತಣ ಸೀಮೆಯು ಕೆರೆಗಳ ಸೀಮೆ. ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕುಬ್ಜಕವಿಯು ರಚಿಸಿದ 5ನೆಯ ಶತಮಾನದ ಸ್ತಂಭಶಾಸನಕ್ಕೆ ನಿಮಿತ್ತವಾದುದು ಕದಂಬ ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆ. ಅದರಲ್ಲಿ ಅರಸರ ವಂಶಾವಳಿಯನ್ನು ಹುಡುಕುವ ನಮ್ಮ ಪಂಡಿತರು ಕೆರೆಯನ್ನೇ ಮರೆತುಬಿಡುವರು!

ನೀರನ್ನು ಅಳೆಯುವ ವಿದ್ಯೆ ನಮಗೆ ಹೊಸದಲ್ಲ. ಉಗ್ರಾಣದ ಬಳಿ ಒಂದು ಅರತ್ನಿ ಅಗಲದ ಬಾಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಮನುಷ್ಯದೇಹದಲ್ಲಿ ನಾಡಿಗಳಿರುವಂತೆ ಭೂಮಿಯಲ್ಲಿಯೂ ಜಲಶಿರೆಗಳು ಮೇಲೆ ಕೆಳಗೆ ಹರಿದಿರುವುವೆಂದು ಹೇಳಿರುವನು. ನಮ್ಮ ಗಟ್ಟಿಶಿಲೆಯ ನಾಡಿನಲ್ಲಿ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿಯೇ ಸಂಚರಿಸುವುದರಿಂದ ಆ ಉಪಮೆಯು ತೀರ ಹುಸಿಯಲ್ಲ.

ಈ ಶಿರೆಗಳ ನಡುವೆ ಗಣಿಯನ್ನು ತೋಡಿದರೆ ಏನಾಗುವುದು? ಗುಂಡಿಯು ಜಲಮಟ್ಟಕ್ಕಿಂತ ಕೆಳಗಿಳಿದೊಡನೆ ಸುತ್ತಲಿನ ನೀರು ಅದರೊಳಕ್ಕೆ ಜಿನುಗತೊಡಗುವುದು. ಕೆಲಸ ಸಾಗಬೇಕಾದರೆ ಅದನ್ನು ಹಗಲಿರುಳು ಪಂಪಿನಿಂದ ಹೊರಹಾಕಬೇಕು. ಕೋಲಾರದ ಚಿನ್ನದ ಗಣಿಯು 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದಿತು. 2001ರಲ್ಲಿ ಅದು ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಗಣಿಯು ನಡೆಯುತ್ತಿರುವಾಗಲಾದರೋ ನೆರೆಯ ಬಾವಿಗಳ ನೀರು ಆಳಕ್ಕೆ ಸರಿಯಬಹುದು. ಆಗ ವ್ಯಾಜ್ಯ ಹುಟ್ಟುವುದು. ಗಣಿಯಿಂದ ಬಾವಿ ಬತ್ತಿತೆಂದು ರೈತನು ಹೇಳುವನು. ಮಳೆ ಬಾರದುದರಿಂದ ಬತ್ತಿತೆಂದು ಗಣಿಯವನು ಹೇಳುವನು. ಲೆಕ್ಕವಿಲ್ಲದಿದ್ದರೆ ಇಬ್ಬರ ಮಾತೂ ಬರಿಯ ಮಾತೇ.

ಮಳೆಯೊಂದನ್ನೇ ಅಳೆದರೆ ಸಾಲದು, ಬಾವಿಯೊಂದನ್ನೇ ಅಳೆದರೂ ಸಾಲದು. ಮಳೆಯು ಹಿಂದಿನ ವರ್ಷದಷ್ಟೇ ಸುರಿದಿದೆ, ದೂರದ ಬಾವಿಗಳ ಮಟ್ಟವು ಹಿಂದಿನಂತೆಯೇ ಇದೆ, ಗಣಿಯ ಸಮೀಪದ ಬಾವಿಗಳು ಮಾತ್ರ ಇಳಿದಿವೆ ಎಂದಾದರೆ ಸಂದೇಹವು ಪಂಪಿನ ಮೇಲೆ ಹೋಗತಕ್ಕದ್ದು. ಎಲ್ಲವೂ ಒಟ್ಟಿಗೆ ಇಳಿದಿದ್ದರೆ ಮೊದಲು ಆಕಾಶವನ್ನು ಕೇಳಬೇಕು. ಬಿರುಕುಗಳ ದಾರಿ ವಕ್ರವಾದುದರಿಂದ ಹತ್ತಿರದ ಬಾವಿಯು ತುಂಬಿದ್ದು ದೂರದ್ದು ಬತ್ತುವುದೂ ಉಂಟು. ಆದುದರಿಂದ ಹಲವು ಬಾವಿಗಳನ್ನು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಗುದ್ದಲಿ ಬೀಳುವ ಮುನ್ನವೇ ಅಳತೆ ಆರಂಭವಾಗಿರಬೇಕು. ಬತ್ತಿದ ಮೇಲೆ ಅಳೆಯಹೊರಟವನಿಗೆ ಹೋಲಿಸಲು ಏನಿರುವುದು?

ಸರ್ಕಾರವು ಗಣಿಗೆ ಪರಿಸರ ಅನುಮತಿ ಕೊಡುವಾಗ ಸುತ್ತಣ ಬಾವಿಗಳ ಮಟ್ಟವನ್ನು ಜನವರಿ, ಏಪ್ರಿಲ್-ಮೇ, ಆಗಸ್ಟ್, ನವೆಂಬರ್ ಹೀಗೆ ವರ್ಷಕ್ಕೆ 4 ಸಲ ಅಳೆಯಬೇಕೆಂದು ನಿಬಂಧನೆ ಹಾಕುವುದು ವಾಡಿಕೆ. ಆ ಲೆಕ್ಕವನ್ನು ಊರವರು ಕೇಳಿ ಪಡೆಯಬೇಕು. ತಮ್ಮದೊಂದನ್ನು ಇಟ್ಟುಕೊಂಡರೆ ಇನ್ನೂ ಲೇಸು.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ನೇರ ಗೋಡೆಯ ಡಬ್ಬಿಯೊಂದನ್ನು ಮರ, ಸೂರುಗಳಿಂದ ದೂರವಿಟ್ಟು ಪ್ರತಿದಿನ ಬೆಳಿಗ್ಗೆ 8-30ಕ್ಕೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳೆಯಿರಿ. 1 ಮಿಲಿಮೀಟರು ಅಲ್ಪವೆನ್ನಬೇಡಿರಿ. ಎಕರೆಯೊಂದರ ಮೇಲೆ ಅದು 4,000 ಲೀಟರಿಗೂ ಮಿಗಿಲು. ಬಾವಿಗೆ ಗಂಟು ಹಾಕಿದ ಹಗ್ಗವೂ ಒಂದು ತೂಕದ ಕಲ್ಲೂ ಸಾಕು. ಮುಂಜಾನೆ ನೀರು ಸೇದುವ ಮೊದಲೇ ಅಳೆಯತಕ್ಕದ್ದು. ಕಟ್ಟೆಯ ಯಾವ ಕಲ್ಲಿನಿಂದ ಅಳೆದಿರೆಂಬುದನ್ನೂ ಪುಸ್ತಕದಲ್ಲಿ ಬರೆದಿಡಿರಿ. ಕಟ್ಟೆಯನ್ನು ಎತ್ತರಿಸಿದ ವರ್ಷ ಹಿಂದಿನ ಲೆಕ್ಕವೆಲ್ಲ ಕೆಡುವುದುಂಟು.