ಸೆರೆಯ ಹಾದಿಯಲ್ಲಿ ನಮ್ಮ ಯುವಜನರು

ತಪಸ್ಸು ಕಾಲ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳ ಯುವಜನ ಸಂಘಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಈ ಸಲ ಯಾತ್ರೆ ಎಲ್ಲಿಗೆ? ಕೆಲವರು ಡೋರ್ನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಯನ್ನು ಹೆಸರಿಸುತ್ತಾರೆ. ಹಲವರ ಮನಸ್ಸು ಆಗಸ್ಟ್ ಕೊನೆಯ ವೇಳಾಂಗಣ್ಣಿ ಪಾದಯಾತ್ರೆಯ ಕಡೆಗೇ ಇರುತ್ತದೆ. ಕಾವಿ ಬಟ್ಟೆ ತೊಟ್ಟು, ಮಾತೆಯ ಸ್ವರೂಪವನ್ನಿರಿಸಿದ ಪುಟ್ಟ ಗಾಡಿಯನ್ನು ತಳ್ಳಿಕೊಂಡು ಹೊಸೂರು ರಸ್ತೆಯಲ್ಲಿ ಸಾಗುವ ಭಕ್ತರ ಗುಂಪುಗಳನ್ನು ಕಾಣದ ಬೆಂಗಳೂರಿನ ಕ್ರೈಸ್ತರಿಲ್ಲ. ಆದರೆ ಕಳೆದ ತಪಸ್ಸು ಕಾಲದಲ್ಲಿ ಶೇಷಾದ್ರಿಪುರಂ ಸುತ್ತಮುತ್ತಲಿನ ನಮ್ಮ ಮಕ್ಕಳು ಬೇರೊಂದು ಉತ್ತರ ಕೊಟ್ಟರು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ ಆ ಹಾದಿಯ ಕೊನೆಯ ಭಾಗವನ್ನಾದರೂ ತಾವು ನಡೆಯಬೇಕು, ಜೊತೆಗೆ ಒಂದು ತಳ್ಳುಗಾಡಿಯನ್ನೂ ಒಯ್ಯಬೇಕು ಎಂದರು. ಮುಂದಾಳುತನವನ್ನು ಹಿರಿಯರಾದ ನಾವು ವಹಿಸಬೇಕೆಂದು ಕೇಳಿಕೊಂಡರು. ಮೊದಲಿಗೆ ನಮಗೆ ಸಂತೋಷವಾಯಿತು. ಮನೆಗೆ ಹೋಗಿ ಯೋಚಿಸಿದಾಗ ಅಳುಕು ಹುಟ್ಟಿತು. ಆ ಅಳುಕಿನ ಕಾರಣವನ್ನು ಓದುಗ ಕುಟುಂಬಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಘಟನೆಯ ಸ್ಥೂಲರೂಪ ಹಲವರಿಗೆ ತಿಳಿದಿರುವುದೇ. ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯುತ್ತಿದ್ದ ಕಾಲ. ಮಂಗಳೂರಿನಲ್ಲಿ ಆಂಗ್ಲರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿಸಿದ. ಅದು ಬೂದಿ ಬುಧವಾರದಂದು ನಡೆಯಿತೆಂದು ಸಮುದಾಯದ ಪರಂಪರೆ ನೆನೆಯುತ್ತದೆ. ಆಂಗ್ಲರೊಡನೆ ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದುದು ಅದೇ ವರ್ಷದ ಮಾರ್ಚ್ 11ರಂದು. ದೇವಾಲಯಗಳು ನೆಲಸಮವಾದವು, ಆಸ್ತಿಪಾಸ್ತಿ ಮುಟ್ಟುಗೋಲಾಯಿತು. ಘಟ್ಟದ ಕಾಡುಗಳ ಮೂಲಕ ಸುಮಾರು ಆರು ವಾರ ನಡೆದು ಅವರು ಶ್ರೀರಂಗಪಟ್ಟಣ ಸೇರಿದರೆಂದೂ, ದಾರಿಯಲ್ಲೇ ಸಾವಿರಾರು ಜನ ಅಳಿದರೆಂದೂ ವೃತ್ತಾಂತಗಳು ಹೇಳುತ್ತವೆ. ಸೆರೆಯಾದವರ ಸಂಖ್ಯೆಯಲ್ಲಿ ಒಮ್ಮತವಿಲ್ಲ: ಸುಲ್ತಾನನ ಆಸ್ಥಾನದ ಬರಹ 60,000 ಎಂದರೆ, ಶ್ರೀರಂಗಪಟ್ಟಣದಲ್ಲಿ ತಾನೇ ಸೆರೆಯಾಳಾಗಿದ್ದ ಆಂಗ್ಲ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. ಎಳೆಯರನ್ನು ಬಲವಂತದಿಂದ ಮತಾಂತರಿಸಿ ಸೇನೆಗೆ ಸೇರಿಸಲಾಯಿತು. 1799ರ ಮೇ 4ರಂದು ಕೋಟೆ ಬಿದ್ದಾಗ ಬದುಕುಳಿದವರಿಗೆ ಬಿಡುಗಡೆಯಾಯಿತು. ಹದಿನೈದು ವರ್ಷಗಳ ಸೆರೆ ಅದು. ಅಲ್ಲಿ ಹುಟ್ಟಿದ ಮಗು ಬಿಡುಗಡೆಯ ಹೊತ್ತಿಗೆ ಮೀಸೆ ಚಿಗುರುವ ವಯಸ್ಸಿಗೆ ಬಂದಿತ್ತು.

ಇದನ್ನು ನೆನೆಯುವುದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ತಪ್ಪಿಲ್ಲ. ಆದರೆ ಇಂದಿನ ಶ್ರೀರಂಗಪಟ್ಟಣದಲ್ಲಿ ಮೆರವಣಿಗೆಯೊಂದು ನಿರಪಾಯದ ಸಂಗತಿಯಾಗಿ ಉಳಿದಿಲ್ಲ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿದಾಗ ಮಡಿಕೇರಿಯಲ್ಲಿ ಪ್ರಾಣಹಾನಿಯಾಯಿತು. 2019ರಲ್ಲಿ ಬೇರೊಂದು ಸರ್ಕಾರ ಅದನ್ನು ರದ್ದುಗೊಳಿಸಿತು. 2022ರ ಜೂನ್‌ನಲ್ಲಿ ಜಾಮಿಯಾ ಮಸೀದಿಯ ವಿವಾದದಿಂದಾಗಿ ಪಟ್ಟಣದಲ್ಲಿ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಇನ್ನೂರು ವರ್ಷಗಳ ಹಿಂದೆ ಸತ್ತ ಅರಸನೊಬ್ಬ ಇಂದಿನ ಚುನಾವಣೆಗಳಲ್ಲಿ ಓಡಾಡುತ್ತಿದ್ದಾನೆ. ಅವನನ್ನು ಹೊಗಳುವ ವೇದಿಕೆಯಲ್ಲಿ ನಮ್ಮ ಪೂರ್ವಿಕರ ಸೆರೆಯ ಮಾತೇ ಬರುವುದಿಲ್ಲ; ತೆಗಳುವ ವೇದಿಕೆಯಲ್ಲಿ ಆ ಮಾತಿಲ್ಲದೆ ಭಾಷಣವೇ ಮುಗಿಯುವುದಿಲ್ಲ. ಹೀಗೆ ನಮ್ಮ ಕಣ್ಣೀರನ್ನು ಎರವಲು ಪಡೆಯುವವರಲ್ಲಿ ಎಷ್ಟು ಮಂದಿ, 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ನಮ್ಮ ಪಕ್ಕದಲ್ಲಿ ನಿಂತಿದ್ದರು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲೇ ಕೇಳಿಕೊಳ್ಳಲಿ.

ಈ ಹಿನ್ನೆಲೆಯಲ್ಲಿ ಸಂಘದ ಸಭೆ ಸೇರಿತು. ಹಿರಿಯರೊಬ್ಬರು, 'ಮುಚ್ಚಿಹೋದ ಗಾಯವನ್ನು ಕೆರೆಯುವುದೇಕೆ? ನಮ್ಮ ಮಕ್ಕಳು ಇದೇ ಊರಿನಲ್ಲಿ ಎಲ್ಲರೊಡನೆ ಬಾಳಬೇಕಲ್ಲವೇ?' ಎಂದರು. ಯುವಕರಲ್ಲಿ ಕೆಲವರ ಉತ್ಸಾಹ ಇನ್ನೊಂದು ತುದಿಗೆ ಹೋಗಿತ್ತು: ಕೈಗೆ ಸರಪಳಿ, ಹಳೆಯ ಕಾಲದ ಉಡುಪು, ಚಾವಟಿ ಹಿಡಿದ ಸಿಪಾಯಿಗಳು, ಕುದುರೆಯ ಮೇಲೆ ಸುಲ್ತಾನನ ವೇಷದವನೊಬ್ಬ, ಎಲ್ಲವನ್ನೂ ಚಿತ್ರೀಕರಿಸಿ ಮೊಬೈಲಿನಲ್ಲಿ ಹಂಚುವ ಯೋಜನೆಯೂ ಸಿದ್ಧವಾಗಿತ್ತು. ಮೌನವೂ ಸರಿಯಲ್ಲ, ವೇಷವೂ ಸರಿಯಲ್ಲ ಎಂದು ನಮಗೆ ತೋರಿತು. ಮುಚ್ಚಿಟ್ಟ ನೆನಪನ್ನು ಮಕ್ಕಳು ನಾಳೆ ಬೇರೆಯವರ ಬಾಯಿಂದ, ವಿಷ ಬೆರೆತ ರೂಪದಲ್ಲಿ ಕೇಳುತ್ತಾರೆ. ವೇಷ ತೊಟ್ಟ ನೆನಪಾದರೋ ನೋಡುವವನ ಕಣ್ಣಿಗೆ ಒಬ್ಬ ವೈರಿಯನ್ನು ನಿಲ್ಲಿಸುತ್ತದೆಯೇ ಹೊರತು ಸತ್ತವರಿಗಾಗಿ ಒಂದು ಪ್ರಾರ್ಥನೆಯನ್ನೂ ಹೇಳಿಸುವುದಿಲ್ಲ.

ಇಂತಹ ನಡಿಗೆ ಜಗತ್ತಿಗೆ ಹೊಸದಲ್ಲ. ಅಮೆರಿಕದ ಮಾರ್ಮನ್ ಪಂಥದವರು 1856ರಿಂದ 1860ರವರೆಗೆ ಹತ್ತು ತಂಡಗಳಾಗಿ, ಸುಮಾರು ಮೂರು ಸಾವಿರ ಜನ, ಕೈಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಬಯಲು ಬೆಟ್ಟಗಳನ್ನು ದಾಟಿ ಸಾಲ್ಟ್ ಲೇಕ್ ಕಣಿವೆಗೆ ನಡೆದರು. ಅವರ ಯುವಜನರು ಇಂದಿಗೂ ಬೇಸಿಗೆಯಲ್ಲಿ ಅಂತಹುದೇ ಗಾಡಿಗಳನ್ನು ಎಳೆದು ಆ ಪಯಣವನ್ನು ನೆನೆಯುತ್ತಾರೆ. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ಹಿಮಪಾತಕ್ಕೆ ಸಿಲುಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಈಗ ಹೊರಡುವುದು ಅಪಾಯವೆಂದು ಅವರಲ್ಲೇ ಒಬ್ಬರು ಎಚ್ಚರಿಸಿದ್ದರೂ ಮುಂದಾಳುಗಳು ಕಿವಿಗೊಟ್ಟಿರಲಿಲ್ಲ. ಹಾಗಾದರೆ ಆ ಕಥೆಯಲ್ಲಿ ಹಿಮವೊಂದೇ ವೈರಿಯಲ್ಲ. ಸ್ವಂತ ನಾಯಕರ ಹಟಕ್ಕೂ ಪಾಲಿದೆ. ಪೂರ್ವಿಕರ ಶ್ರದ್ಧೆಯನ್ನು ಹೇಳಿ ಮುಂದಾಳುಗಳ ತಪ್ಪನ್ನು ಬಿಟ್ಟರೆ ಗಾಡಿ ಎಳೆದ ಮಕ್ಕಳು ಕಲಿತದ್ದು ಅರ್ಧವೇ ಆಗುತ್ತದೆ.

ಈ ಮಾತು ನಮ್ಮನ್ನೂ ತಟ್ಟುತ್ತದೆ. 1784ರಲ್ಲಿ ಸೆರೆಯಾದವರಲ್ಲಿ ಹೆಚ್ಚಿನವರ ಅಜ್ಜ ಮುತ್ತಜ್ಜಂದಿರು ಗೋವೆಯಿಂದ ಬಂದವರು. ಅವರೇಕೆ ಬಂದರು? ಬರಗಾಲ, ಸಾಂಕ್ರಾಮಿಕ ರೋಗ, ತೆರಿಗೆಯ ಭಾರ, ದಂಡಯಾತ್ರೆಗಳು ಕಾರಣಗಳೆಂದು ಇತಿಹಾಸ ಹೇಳುತ್ತದೆ. ಅವುಗಳ ಜೊತೆಗೆ 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯ ನ್ಯಾಯಸ್ಥಾನದ ಭಯವೂ ಒಂದು ಕಾರಣ. 1684ರಲ್ಲಿ ಪೋರ್ಚುಗೀಸ್ ಆಡಳಿತವು ಕೊಂಕಣಿ ಭಾಷೆಯ ಬಳಕೆಯನ್ನೇ ನಿಷೇಧಿಸಿತು. ಅಂದರೆ ನಮ್ಮ ಪೂರ್ವಿಕರು ಎರಡು ಸಲ ಗಂಟುಮೂಟೆ ಕಟ್ಟಿದರು: ಮೊದಲ ಸಲ ಕ್ರೈಸ್ತ ಪ್ರಭುತ್ವದ ದೆಸೆಯಿಂದ, ಎರಡನೆಯ ಸಲ ಮುಸ್ಲಿಂ ಅರಸನ ದೆಸೆಯಿಂದ. ನಡುವೆ ಅವರಿಗೆ ನೆಲೆ, ಉಳುಮೆಗೆ ಭೂಮಿ ಕೊಟ್ಟವರು ಇಕ್ಕೇರಿ-ಬಿದನೂರಿನ ಹಿಂದೂ ನಾಯಕರು. ಎರಡನೆಯ ನಡಿಗೆಯನ್ನು ಮಾತ್ರ ನೆನೆದು ಮೊದಲನೆಯದನ್ನು ಮರೆಯುವುದು ಪ್ರಾಮಾಣಿಕತೆಯಲ್ಲ. ಸುಲ್ತಾನನ ವಿಷಯದಲ್ಲೂ ಅಷ್ಟೇ: ನಮ್ಮವರನ್ನೂ ಕೊಡವರನ್ನೂ ಸೆರೆಗೆ ತಳ್ಳಿದವನೂ ಅವನೇ, 1791ರಲ್ಲಿ ಮರಾಠಾ ಸೇನೆಯಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದವನೂ ಅವನೇ. ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ; ಮೊದಲನೆಯದು ಎರಡನೆಯದನ್ನು ಸುಳ್ಳಾಗಿಸುವುದಿಲ್ಲ.

ಆದಕಾರಣ ನಾವು ಮೂರು ನಿಯಮಗಳನ್ನಿಟ್ಟೆವು. ವೇಷವಿಲ್ಲ, ಘೋಷಣೆಯಿಲ್ಲ, ಚಿತ್ರೀಕರಣವಿಲ್ಲ. ಹೊರಡುವ ಮುನ್ನ ನಾಲ್ಕು ಭಾನುವಾರ ಬಲಿಪೂಜೆಯ ನಂತರ ಕುಳಿತು ಈ ಇತಿಹಾಸವನ್ನು ಎಲ್ಲ ಬದಿಗಳಿಂದಲೂ ಓದಬೇಕು. ತಳ್ಳುಗಾಡಿಯಲ್ಲಿ ಪ್ರತಿ ಮನೆಯಿಂದ ತಂದ ಅಕ್ಕಿಯನ್ನು ಹೇರಿ ನಡೆಯಬೇಕು. ಕೊನೆಯಲ್ಲಿ ಅದು ನಿರ್ಗತಿಕ ವೃದ್ಧರ ಆಶ್ರಮವೊಂದಕ್ಕೆ ಸೇರಬೇಕು. ಕೆಲವರ ಮುಖ ಬಾಡಿತು. ಇಬ್ಬರು ಹೆಸರನ್ನೇ ಹಿಂತೆಗೆದುಕೊಂಡರು. ಉಳಿದವರು ಒಪ್ಪಿದರು.

ಆಮೇಲೆ ನಾವೆಣಿಸದ ಪರೀಕ್ಷೆಯೊಂದು ಎದುರಾಯಿತು. ಸಂಘದ ಹುಡುಗನೊಬ್ಬನ ಸಹಪಾಠಿ, ಮುಸ್ಲಿಂ ಯುವಕ, 'ನಾನೂ ಬರಬಹುದೇ ಅಂಕಲ್?' ಎಂದು ಕೇಳಿದ. ನಾವು ತಕ್ಷಣ ಉತ್ತರ ಕೊಡಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಅವನಿಗೆ ನೋವಾದೀತೆಂದು ಒಬ್ಬರು, ಅವನೆದುರು ನಾವು ಮುಕ್ತವಾಗಿ ಮಾತನಾಡಲಾರೆವೆಂದು ಇನ್ನೊಬ್ಬರು ಹಿಂಜರಿದರು. ಅವನೆದುರು ಆಡಲಾರದ ಮಾತನ್ನು ಅವನ ಬೆನ್ನ ಹಿಂದೆ ಆಡುವುದು ಯೋಗ್ಯವೇ ಎಂದು ಹುಡುಗಿಯೊಬ್ಬಳು ಕೇಳಿದಾಗ ಚರ್ಚೆ ಅಲ್ಲಿಗೇ ನಿಂತಿತು. ಅವನು ಬಂದ, ಅವನ ಮನೆಯ ಅಕ್ಕಿಯೂ ಬಂತು.

ಶನಿವಾರ ನಸುಕಿನಲ್ಲಿ ಶೇಷಾದ್ರಿಪುರಂನಿಂದ ನಡೆದೇ ನಗರ ರೈಲು ನಿಲ್ದಾಣ ಸೇರಿ, ಪಾಂಡವಪುರದಲ್ಲಿ ಇಳಿದೆವು. ಅಲ್ಲಿ ಬಾಡಿಗೆಗೆ ಹಿಡಿದ ತರಕಾರಿ ಮಾರುವವರ ಗಾಡಿಯೊಂದಕ್ಕೆ ಅಕ್ಕಿ, ನೀರು, ಔಷಧದ ಪೆಟ್ಟಿಗೆ ಹೇರಿದೆವು. ಒಂದು ಬೆಳಗಿನ ನಡಿಗೆ ಅಷ್ಟೇ. ಆರು ವಾರದ ಹಾದಿಗೆ ಅದನ್ನು ಹೋಲಿಸುವ ಧಾರ್ಷ್ಟ್ಯ ನಮಗಿಲ್ಲ. ಆದರೂ ಬಿಸಿಲೇರಿದಂತೆ ಹರಟೆ ನಿಂತಿತು. ಗಾಡಿಯ ಚಕ್ರವೊಂದು ಕಿರುಗುಟ್ಟುತ್ತ ಮತ್ತೆ ಮತ್ತೆ ಎಡಕ್ಕೆ ಎಳೆಯುತ್ತಿತ್ತು. ಹುಡುಗಿಯೊಬ್ಬಳಿಗೆ ತಲೆ ಸುತ್ತಿ ಹೊಂಗೆ ಮರದಡಿ ಅರ್ಧ ಗಂಟೆ ಕುಳಿತೆವು. 'ಅವರಿಗೆ ಕುಳಿತುಕೊಳ್ಳಲು ಬಿಟ್ಟಿದ್ದರೇ?' ಎಂದು ಅವಳೇ ಕೇಳಿದಳು. ನಾಲ್ಕು ಭಾನುವಾರದ ಪಾಠ ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡಿತು.

ಕಾವೇರಿ ದಾಟಿ, ಕೋಟೆಯನ್ನು ಹಾದು, ಗಂಜಾಮಿನಲ್ಲಿ ಅಬ್ಬೆ ದುಬಾಯ್ ಅವರ ದೇವಾಲಯದ ಅಂಗಳದಲ್ಲಿ ನಡಿಗೆ ಮುಗಿಯಿತು. ಸುಲ್ತಾನನ ಪತನದ ಬಳಿಕ ಚದುರಿ ನೊಂದಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದ ಫ್ರೆಂಚ್ ಗುರುಗಳು ಅವರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದೇ ಕರೆದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬು ಹಬ್ಬಿದಾಗ 1803-04ರಲ್ಲಿ 25,432 ಜನರಿಗೆ ಚುಚ್ಚುಮದ್ದು ಹಾಕಿಸಿದ ಲೆಕ್ಕವನ್ನೂ ಬಿಟ್ಟುಹೋದರು. ಸೆರೆಯ ಕಥೆಯನ್ನು ಹೇಳುವವರು ಈ ಲೆಕ್ಕವನ್ನು ಬಿಡಬಾರದು: ಗಾಯಗೊಂಡ ಸಮುದಾಯದ ಕುರುಬ ಸುತ್ತಲಿನ ಜನರ ಮೈಯನ್ನೂ ಕಾಯಲು ಹೊರಟದ್ದು ಆ ಗಾಯಕ್ಕೆ ಸಿಕ್ಕ ಉತ್ತಮ ಉತ್ತರ.

ಅಲ್ಲಿ ಸತ್ತವರಿಗಾಗಿ ಜಪಸರ ಹೇಳಿದೆವು. ಮುಗಿದ ಮೇಲೆ ಆ ಮುಸ್ಲಿಂ ಯುವಕ ನಮ್ಮ ಬಳಿ ಬಂದು, 'ಇದೆಲ್ಲ ನಿಜವಾಗಿಯೂ ನಡೆದದ್ದೇ?' ಎಂದು ಕೇಳಿದ. 'ನಡೆದದ್ದೇ ಮಗು' ಎಂದೆವು. ಅವನು ತಲೆಯಾಡಿಸಿ ಗಾಡಿಯಿಂದ ಅಕ್ಕಿಯ ಚೀಲಗಳನ್ನಿಳಿಸಲು ಹೋದ. ಅವನನ್ನು ಸಮಾಧಾನಪಡಿಸಲು ನಾವು ಸತ್ಯವನ್ನು ತೆಳುಗೊಳಿಸಲಿಲ್ಲ. ಇನ್ನೂರು ವರ್ಷದ ಹಿಂದಿನ ಅರಸನ ಸಾಲವನ್ನು ಅವನ ತಲೆಗೆ ಕಟ್ಟಲೂ ಇಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಸಾಧ್ಯವೆಂದು ಅಂದು ಅರಿತೆವು.

2000ದ ಮಾರ್ಚ್ 12ರಂದು, ತಪಸ್ಸು ಕಾಲದ ಮೊದಲ ಭಾನುವಾರ, ಜಗದ್ಗುರು ಎರಡನೆಯ ಜಾನ್ ಪೌಲರು ರೋಮಿನಲ್ಲಿ ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ನೆನಪಿನ ಶುದ್ಧೀಕರಣವೆಂದು ಅದನ್ನು ಕರೆಯಲಾಯಿತು. ಶುದ್ಧೀಕರಣವೆಂದರೆ ಮರೆವಲ್ಲ. ನಮಗಾದ ಅನ್ಯಾಯವನ್ನು ಪೂರ್ತಿಯಾಗಿ ಹೇಳುವುದು, ನಮ್ಮವರಿಂದಾದುದನ್ನೂ ಪೂರ್ತಿಯಾಗಿ ಹೇಳುವುದು, ಎರಡನ್ನೂ ಯಾರ ಕೈಗೂ ಆಯುಧವಾಗಿ ಕೊಡದಿರುವುದು ಅದರ ತಿರುಳು.

ಇತರ ಧರ್ಮಕೇಂದ್ರಗಳ ಸಂಘಗಳೂ ಇಂತಹ ನಡಿಗೆ ಯೋಜಿಸುವುದಾದರೆ ಕೆಲವು ಮಾತು. ಪೊಲೀಸರಿಗೆ ಮುಂಚಿತವಾಗಿ ಲಿಖಿತ ಸೂಚನೆ ಕೊಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ ಕಾಲಿಡದೆ ಹಳ್ಳಿಯ ರಸ್ತೆಗಳನ್ನೇ ಹಿಡಿಯಿರಿ. ಹೊತ್ತೇರುವ ಮೊದಲೇ ಹೊರಟು ನಡುಹಗಲಿಗೆ ಮುನ್ನ ಮುಗಿಸಿ; ನೀರು, ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿವೆಯೆಂದು ಹಿಂದಿನ ವಾರವೇ ನೋಡಿಬನ್ನಿ. ಕಷ್ಟವನ್ನು ನೆನೆಯಲು ಮಕ್ಕಳನ್ನು ಅಪಾಯಕ್ಕೊಡ್ಡಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಒಂದೇ ಅಳತೆಗೋಲು. ನಿಮ್ಮ ಮಕ್ಕಳ ನೆರೆಮನೆಯ ಗೆಳೆಯ, ಅವನು ಯಾವ ಧರ್ಮದವನೇ ಆಗಲಿ, ಆ ಗಾಡಿಗೆ ಕೈಕೊಟ್ಟು ನಿಮ್ಮೊಡನೆ ನಡೆಯಬಲ್ಲನೇ? ನಡೆಯಬಲ್ಲನಾದರೆ ಹೊರಡಿ. ಇಲ್ಲವಾದರೆ ಇನ್ನೊಂದು ಭಾನುವಾರ ಕುಳಿತು ಓದಿ.