ಬಸ್ ಫ್ರೀ, ಆದರೆ ಹೋದ ಕೂಲಿ?

ಕಮಲಾಪುರದ ತೊಗರಿ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಭುಜ ಹಿಡಿದರೆ ಜಡೆ ಹಾಕಿಕೊಳ್ಳಲೂ ಕೈ ಏಳುವುದಿಲ್ಲ. 40 ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಈ ‘ಫ್ರೋಜನ್ ಶೋಲ್ಡರ್’ ಹೆಚ್ಚು. ಗುಳಿಗೆ ನೋವು ತಗ್ಗಿಸುತ್ತದೆ, ಅಷ್ಟೇ. ಬಿಗಿದ ಕೀಲು ಸಡಿಲಾಗಲು ತಿಂಗಳುಗಟ್ಟಲೆ ವ್ಯಾಯಾಮ ಬೇಕು.

ಫಿಸಿಯೋಥೆರಪಿಗೆಂದು ಕಲಬುರಗಿಗೆ ಹೋಗಲು 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿಲ್ಲ, ಖರೆ. ಆದರೆ ಆ ದಿನದ ಕೂಲಿ ಹೋಯಿತಲ್ಲ? ಎರಡು ಸಲ ಹೋದವರು ಮೂರನೇ ಸಲ ಬಿಡುವುದು ಅದಕ್ಕೇ.

ಹಿರಿಯರ ಆರೋಗ್ಯಕ್ಕೆಂದು 2010-11ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮವು ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ಫಿಸಿಯೋಥೆರಪಿ ಇರಬೇಕೆನ್ನುತ್ತದೆ. ಕಮಲಾಪುರ ಈಗ ತಾಲ್ಲೂಕು. ವಾರಕ್ಕೆ ಎರಡು ದಿನ ಫಿಸಿಯೋಥೆರಪಿಸ್ಟ್ ಇಲ್ಲೇ ಖಾತ್ರಿಯಾಗಿ ಸಿಗಲಿ. ಅದರಲ್ಲೊಂದು ಸಂತೆಯ ದಿನವಾಗಲಿ.

ಒಮ್ಮೆ ಕಲಿತ ವ್ಯಾಯಾಮವನ್ನು ನೋವು ತಗ್ಗಿತೆಂದು ನೀವೂ ಬಿಡಬೇಡಿ.