ನಡುವೆ ನಿಲ್ಲಿಸಿದವರು

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಹೋಬಳಿ ಕೇಂದ್ರದಲ್ಲಿ ಹೈಸ್ಕೂಲ್ ಮೇಷ್ಟ್ರೊಬ್ಬರೋ, ತೆಂಗಿನ ತೋಟದ ಯುವಕನೊಬ್ಬನೋ ತನಗೆ ಗೊತ್ತಿರುವುದನ್ನು ನಾಲ್ಕು ಜನಕ್ಕೆ ತಿಳಿಸೋಣ ಎಂದು ಮೊಬೈಲ್ ಕೈಗೆತ್ತಿಕೊಂಡರೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಮೊದಲ ಮೂರು ಸೆಕೆಂಡಿನಲ್ಲೇ ನೋಡುವವರನ್ನು ಹಿಡಿದು ಕೂರಿಸಬೇಕಂತೆ. ಒಂದು ವಿಡಿಯೊಗೆ ಒಂದೇ ವಿಷಯ, ಅದೂ ಒಂದು ನಿಮಿಷದೊಳಗೆ. ಕೆಳಗೆ ದಪ್ಪಕ್ಷರದಲ್ಲಿ ಮಾತು ಓಡುತ್ತಿರಬೇಕು, ಹಿಂದೆ ಆ ವಾರ ಎಲ್ಲರ ಬಾಯಲ್ಲಿರುವ ಹಾಡು. ಮಾತಿನ ನಡುವೆ ಉಸಿರೆಳೆದುಕೊಂಡ ಜಾಗಗಳನ್ನೆಲ್ಲ ಕತ್ತರಿಸಿ ಎಸೆಯಬೇಕು, ಯಾಕೆಂದರೆ ಅಷ್ಟು ಬಿಡುವು ಸಿಕ್ಕರೂ ಸಾಕು, ಹೆಬ್ಬೆರಳು ಮುಂದಿನ ವಿಡಿಯೊಗೆ ಹೋಗಿಬಿಡುತ್ತದೆ.

ಈ ಸಲಹೆಗಳು ಸುಳ್ಳೇನಲ್ಲ. ಪಾಲಿಸಿದವರಿಗೆ ವ್ಯೂಸ್ ಬಂದಿವೆ. ನನ್ನ ತಕರಾರು ಸಣ್ಣದು. ವಿಡಿಯೊವನ್ನು ಜನ ಕೊನೆಯವರೆಗೂ ನೋಡುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಇವು ಒಳ್ಳೆಯ ಉತ್ತರ. ಜನ ಕಲಿಯುವಂತೆ ಮಾಡುವುದು ಹೇಗೆ ಎಂಬುದು ಬೇರೆ ಪ್ರಶ್ನೆ. ಎರಡೂ ಒಂದೇ ಎಂದು ನಾವು ಹೆಚ್ಚು ಯೋಚಿಸದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಪಾಠದ ವಿಡಿಯೊ ಮಾಡುವವರು ಆಸೆಪಡಬೇಕಾದದ್ದು ಅದನ್ನು ನಡುವೆ ನಿಲ್ಲಿಸುವವರಿಗಾಗಿ ಅನ್ನುತ್ತೇನೆ ನಾನು. ನಿಲ್ಲಿಸಿ ಹಿಂದಕ್ಕೆಳೆದು ಮತ್ತೆ ಕೇಳಿಸಿಕೊಳ್ಳುವವರು, ನಿಲ್ಲಿಸಿ ಎದ್ದು ತೋಟಕ್ಕೆ ಹೋಗಿ ನೋಡಿಬರುವವರು, ನಿಲ್ಲಿಸಿ ಪಕ್ಕದವರಿಗೆ ‘ಇದು ಹೌದೇನಯ್ಯಾ?’ ಅನ್ನುವವರು. ಈಗಿನ ಲೆಕ್ಕದಲ್ಲಿ ಇವರೆಲ್ಲ ನಷ್ಟದ ಬಾಬ್ತು.

ಒಂದು ನಿಮಿಷ ಎಂಬ ಅಳತೆ ಎಲ್ಲಿಂದ ಬಂತು ಎಂಬುದನ್ನೇ ಮೊದಲು ನೋಡೋಣ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಕಾಲಿಟ್ಟಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಜಗತ್ತಿನಲ್ಲೇ ಮೊದಲಿಗೆ ಇಲ್ಲಿ ಪರೀಕ್ಷೆಗಿಟ್ಟಿತು. ಶಾರ್ಟ್ಸ್‌ಗೆ ಅರವತ್ತು ಸೆಕೆಂಡಿನ ಮಿತಿ ಇತ್ತು. 2024ರ ಅಕ್ಟೋಬರ್‌ನಲ್ಲಿ ಕಂಪನಿಯೇ ಅದನ್ನು ಮೂರು ನಿಮಿಷಕ್ಕೆ ಏರಿಸಿತು. ಭಿನ್ನರಾಶಿ ಕಲಿಸಲು ಎಷ್ಟು ಹೊತ್ತು ಬೇಕು ಎಂದು ಯಾವ ಶಿಕ್ಷಕರನ್ನೂ ಕೇಳಿ ಆದ ನಿರ್ಧಾರಗಳಲ್ಲ ಇವು. ಆದರೂ ಅರವತ್ತು ಸೆಕೆಂಡು ಎಂಬುದು ಮನುಷ್ಯನ ಮಿದುಳಿನ ಗುಣವೇನೋ ಎಂಬಂತೆ ಉಪನ್ಯಾಸ ಕೊಟ್ಟವರಿದ್ದಾರೆ.

‘ಸಂಶೋಧನೆಯೂ ಇದನ್ನೇ ಹೇಳುತ್ತದಲ್ಲ?’ ಎಂದು ಕೇಳುವವರು ಸಾಮಾನ್ಯವಾಗಿ ನೆನಪಿನಲ್ಲಿಟ್ಟುಕೊಂಡಿರುವುದು 2014ರ ಒಂದು ಅಧ್ಯಯನವನ್ನು. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡೆಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ, ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳಲ್ಲಿ ವಿದ್ಯಾರ್ಥಿಗಳು ಹೆಚ್ಚು ತೊಡಗುತ್ತಾರೆ ಎಂದರು. ಅವರು ಅಳೆದದ್ದು ಎಷ್ಟು ಹೊತ್ತು ನೋಡಿದರು ಮತ್ತು ನೋಡಿದ ಮೇಲೆ ಮುಂದಿನ ಪ್ರಶ್ನೆಗೆ ಕೈ ಹಾಕಿದರೇ ಎಂಬುದನ್ನು. ಎಷ್ಟು ಕಲಿತರು ಎಂಬುದು ಆ ಅಳತೆಯೊಳಗೆ ಇರಲಿಲ್ಲ. ಅವರ ಆರು ನಿಮಿಷವನ್ನು ನಮ್ಮವರು ಒಂದಕ್ಕೆ ಇಳಿಸಿಕೊಂಡದ್ದು ಹೇಗೆ ಅನ್ನುವುದು ಬೇರೆ ಕಥೆ.

ಇದಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಕೆಲಸವಿದೆ. ವೆರಿಟಾಸಿಯಂ ಎಂಬ ವಿಜ್ಞಾನದ ಯೂಟ್ಯೂಬ್ ಚಾನೆಲ್‌ನಿಂದ ಈಗ ಹೆಸರಾಗಿರುವ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಮುಗಿಸಿದ ಪಿಎಚ್‌ಡಿ. ಭೌತಶಾಸ್ತ್ರದ ಒಂದೇ ವಿಷಯಕ್ಕೆ ಅವರು ಬೇರೆ ಬೇರೆ ಬಗೆಯ ವಿಡಿಯೊ ಮಾಡಿದರು. ಒಂದರಲ್ಲಿ ಸರಿಯಾದ ವಿವರಣೆ, ನೇರವಾಗಿ, ಚೊಕ್ಕಟವಾಗಿ. ಇನ್ನೊಂದರಲ್ಲಿ ವಿದ್ಯಾರ್ಥಿಯ ತಲೆಯಲ್ಲಿರುವ ತಪ್ಪು ತಿಳಿವಳಿಕೆಯನ್ನೇ ಮೊದಲು ಬಾಯಿಬಿಟ್ಟು ಹೇಳಿಸಿ, ಆಮೇಲೆ ಅದರ ಜೊತೆ ವಾದಕ್ಕಿಳಿಯುವುದು. ಮೊದಲನೆಯದನ್ನು ನೋಡಿದವರು ತುಂಬ ಸ್ಪಷ್ಟವಾಗಿದೆ, ಸುಲಭವಾಗಿದೆ ಎಂದರು. ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು. ಎರಡನೆಯದು ಗೊಂದಲ ಹುಟ್ಟಿಸಿತು, ಕಷ್ಟ ಅನ್ನಿಸಿತು. ಆದರೆ ಅದನ್ನು ನೋಡಿದವರ ಅಂಕ ಎದ್ದುಕಾಣುವಷ್ಟು ಏರಿತು. ಚೊಕ್ಕಟ ವಿಡಿಯೊ ನೋಡುವಾಗ ‘ಇದು ನನಗೆ ಗೊತ್ತಿರುವುದೇ’ ಎಂದುಕೊಂಡು ನಮ್ಮ ತಪ್ಪನ್ನೇ ಇನ್ನಷ್ಟು ಗಟ್ಟಿ ಮಾಡಿಕೊಂಡು ಎದ್ದುಬರುತ್ತೇವೆ. ಹಿತವಾಗಿತ್ತು ಅನ್ನುವ ಲೈಕಿಗೂ ತಿಳಿಯಿತು ಅನ್ನುವುದಕ್ಕೂ ಇರುವ ದೂರ ಇದು.

ಈಗ ಶ್ರೀರಾಂಪುರದ ಕಡೆಯ ತೋಟಕ್ಕೆ ಬರೋಣ. ಹೊಸದುರ್ಗ ತಾಲ್ಲೂಕಿನ ರೈತರು ವಿಡಿಯೊದಿಂದ ಕಲಿಯಬೇಕಾದ್ದು ಏನಾದರೂ ಇದ್ದರೆ ಅದು ತೆಂಗಿನ ರೋಗ ರುಜಿನ. ಗರಿ ಕೆಟ್ಟಿದೆ ಅಂದರೆ ಏನು ಕೆಟ್ಟಿದೆ? ಕಪ್ಪುತಲೆ ಹುಳುವಾದರೆ ಗರಿಯ ತಳಭಾಗದಲ್ಲಿ ಹಿಕ್ಕೆ ಮತ್ತು ನೂಲಿನಿಂದ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿಂದಿರುತ್ತದೆ. ದೂರಕ್ಕೆ ಮರ ಬೆಂಕಿ ತಾಗಿದಂತೆ ಕಾಣುತ್ತದೆ. ಸುರುಳಿಯಾಕಾರದಲ್ಲಿ ಮೊಟ್ಟೆಯಿಡುವ ಬಿಳಿ ನೊಣದ ರೀತಿಯೇ ಬೇರೆ. ಇದು 2016ರಲ್ಲಿ ಪೊಳ್ಳಾಚಿಯ ತೋಟಗಳಲ್ಲಿ ಮೊದಲು ಕಂಡು, ಆಮೇಲೆ ದಕ್ಷಿಣದ ತೆಂಗಿನ ನಾಡನ್ನೆಲ್ಲ ಆವರಿಸಿದ ಕೀಟ. ಗರಿಯ ಅಡಿಯಲ್ಲಿ ಕೂತು ರಸ ಹೀರಿ ಅಂಟುದ್ರವ ಸುರಿಸುತ್ತದೆ. ಅದು ಕೆಳಗಿನ ಗರಿಗಳ ಮೇಲೆ ಬಿದ್ದಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮದ್ದೂ ಬೇರೆ ಬೇರೆ. ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ತಂದು ಬಿಡಬೇಕು, ತೋಟಗಾರಿಕೆ ಇಲಾಖೆ ಅದನ್ನು ಪ್ರಯೋಗಾಲಯದಲ್ಲಿ ಸಾಕಿ ಕೊಡುತ್ತದೆ. ಬಿಳಿ ನೊಣಕ್ಕೆ ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವೇ ಶತ್ರು. ಅದು ತೋಟದಲ್ಲಿ ತಾನಾಗಿಯೇ ಹೆಚ್ಚುತ್ತದೆ. ಕೀಟನಾಶಕ ಹೊಡೆದರೆ ನೊಣಕ್ಕಿಂತ ಮೊದಲು ಸಾಯುವುದು ಈ ಕಣಜ. ಹಾಗಾಗಿ ವಿಜ್ಞಾನಿಗಳ ಸಲಹೆ, ವಿಷ ಸಿಂಪಡಿಸಬೇಡಿ, ತಾಳ್ಮೆಯಿರಲಿ.

‘ಒಂದೇ ಸಿಂಪಡಣೆಗೆ ಬಿಳಿ ನೊಣ ಮಾಯ!’ ಎಂಬ ವಿಡಿಯೊ ಮೊದಲ ಮೂರು ಸೆಕೆಂಡನ್ನು ನಿಸ್ಸಂಶಯವಾಗಿ ಗೆಲ್ಲುತ್ತದೆ. ‘ಏನೂ ಹೊಡೆಯಬೇಡಿ, ಗರಿ ಕಿತ್ತು ಮಗುಚಿ ನೋಡಿ, ಸ್ವಲ್ಪ ದಿನ ಕಾಯಿರಿ’ ಎಂಬುದನ್ನು ಯಾವ ಹಾಡಿಗೆ ಹೊಂದಿಸುತ್ತೀರಿ? ಎರಡನೆಯದು ನಿಜವಾದ ಪಾಠ, ಮೊದಲನೆಯದು ಔಷಧದಂಗಡಿಯ ಜಾಹೀರಾತು. ಆಕರ್ಷಕವಾಗಿಸುವ ನಿಯಮಗಳು ಈ ಎರಡರಲ್ಲಿ ಯಾವಾಗಲೂ ಒಂದರ ಪಕ್ಷ ವಹಿಸುತ್ತವೆ. ಮಾಡುವವರು ಪ್ರಾಮಾಣಿಕರಾಗಿದ್ದರೂ ಅಷ್ಟೇ, ಅವರಿಗೇ ಗೊತ್ತಾಗದಂತೆ ನಿಯಮ ಅವರನ್ನು ಸಿಂಪಡಣೆಯ ಕಡೆಗೆ ತಳ್ಳಿಕೊಂಡು ಹೋಗುತ್ತದೆ.

ವಾಣಿವಿಲಾಸ ಸಾಗರ ಜಲಾಶಯದ್ದೂ ಇದೇ ಕಥೆ. 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟು 1933ರಲ್ಲೊಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ 130 ಅಡಿ ಮುಟ್ಟಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಇನ್ನೊಮ್ಮೆ. ಆಗ ಬಂದ ರೀಲ್ಸ್‌ಗೆ ಲೆಕ್ಕವಿಲ್ಲ. ಎಲ್ಲ ಕ್ಯಾಮೆರಾಗಳೂ ಕೋಡಿಯ ಕಡೆಗೆ, ಎಲ್ಲ ಹಾಡುಗಳೂ ಸಂಭ್ರಮದವು. ಸಂಭ್ರಮ ತಪ್ಪಲ್ಲ, ಬರದ ಜಿಲ್ಲೆಗೆ ಅದು ಸಲ್ಲಬೇಕಾದದ್ದೇ. ಆದರೆ ಅಷ್ಟು ವರ್ಷ ತುಂಬದ್ದು ಈಗ ಹೇಗೆ ತುಂಬಿತು, ಮಳೆಯ ಪಾಲೆಷ್ಟು, ವೇದಾವತಿಗೆ ಹರಿಸಿದ ಭದ್ರೆಯ ನೀರಿನ ಪಾಲೆಷ್ಟು ಎಂಬ ಕಡೆಗೆ ಯಾರೂ ತಿರುಗಲಿಲ್ಲ. ಹಿರಿಯೂರಿನ ಕಡೆ ಕೋಡಿಯಾಗಿ ಕಂಡ ಅದೇ ನೀರು ಹೊಸದುರ್ಗದ ಕಡೆ ಹಿನ್ನೀರಾಗಿ ಹೊಲ ತೋಟಗಳಿಗೆ ನುಗ್ಗಿತ್ತು. ಇದೊಂದು ಸಂಗತಿಯನ್ನು ಇಟ್ಟುಕೊಂಡು ಎಂಟನೇ ತರಗತಿಗೆ ಭೂಗೋಳವನ್ನೂ ಪೌರನೀತಿಯನ್ನೂ ಒಟ್ಟಿಗೆ ಕಲಿಸಬಹುದಿತ್ತು. ಜಲಾಶಯ ಅಂದರೆ ಎರಡು ದಂಡೆ, ಎರಡು ಅಭಿಪ್ರಾಯ. ಅದು ಅರ್ಥವಾಗಲು ನೋಡುವವರು ಒಂದು ಕಡೆ ನಿಂತು ಯೋಚಿಸಬೇಕಾಗುತ್ತದೆ.

‘ಈಗಿನವರಿಗೆ ತಾಳ್ಮೆಯೆಲ್ಲಿ ಸ್ವಾಮಿ?’ ಎಂಬ ಮಾತಿಗೆ ಇದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಉತ್ತರ ಕೊಡುತ್ತದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ‘ಶಿವಸಂಚಾರ’ ರಂಗತಂಡ 1997ರಿಂದ ನಾಟಕಗಳನ್ನು ಕಟ್ಟಿಕೊಂಡು ರಾಜ್ಯ ಸುತ್ತುತ್ತಿದೆ. ನವೆಂಬರಿನ ನಾಟಕೋತ್ಸವದ ಹೊತ್ತಿಗೆ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಚಳಿಯಲ್ಲಿ ಕೂತು ನಾಟಕ ನೋಡುವವರ ಜೇಬಿನಲ್ಲೂ ಇರುವುದು ಅದೇ ಮೊಬೈಲ್. ಒಬ್ಬನೇ ಹಾಸಿಗೆಯಲ್ಲಿ ಬಿದ್ದುಕೊಂಡಾಗ ಅರ್ಧ ನಿಮಿಷ ನಿಲ್ಲದ ಮನಸ್ಸು ನಾಲ್ಕು ಜನರ ನಡುವೆ ಕೂತಾಗ ಗಂಟೆಗಟ್ಟಲೆ ನಿಲ್ಲುತ್ತದೆ. ತಾಳ್ಮೆ ಎಂಬುದು ಒಬ್ಬೊಬ್ಬರ ತಲೆಯೊಳಗೆ ಇಷ್ಟಿಷ್ಟು ಎಂದು ಅಳೆದಿಟ್ಟ ಸರಕೆಂದು ನನಗನ್ನಿಸುವುದಿಲ್ಲ. ಯಾರ ಜೊತೆ, ಎಲ್ಲಿ ಕೂತು ನೋಡುತ್ತೇವೆ ಎಂಬುದಕ್ಕೂ ಅದಕ್ಕೂ ನಂಟಿದೆ.

ಈ ಮಾತಿಗೆ ಕರ್ನಾಟಕದಲ್ಲೇ ನಡೆದ ಪ್ರಯೋಗದ ಬೆಂಬಲವಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ರಿಕಿನ್ ಗಾಂಧಿ ಮತ್ತು ಸಂಗಡಿಗರು ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆ ಸೇರಿ ‘ಡಿಜಿಟಲ್ ಗ್ರೀನ್’ ಆರಂಭಿಸಿದರು. ಹಳ್ಳಿಯ ರೈತರೇ ತಮ್ಮ ಹೊಲದಲ್ಲಿ ನಿಂತು ಮಾಡಿ ತೋರಿಸುವ ಸಣ್ಣ ವಿಡಿಯೊಗಳು. ಅದೇ ಊರಿನ ಒಬ್ಬರನ್ನು ಸಂಬಳ ಕೊಟ್ಟು ಗೊತ್ತುಮಾಡಿದ್ದರು. ಅವರು ಸಂಜೆ ಟಿ.ವಿ.ಯನ್ನೂ ಡಿವಿಡಿ ಪ್ಲೇಯರನ್ನೂ ತಂದಿಟ್ಟು, ಹತ್ತಾರು ಜನರನ್ನು ಕೂರಿಸಿ ತೋರಿಸುತ್ತಿದ್ದರು. ಅವರ ಮುಖ್ಯ ಕೆಲಸವೇ ವಿಡಿಯೊ ನಿಲ್ಲಿಸುವುದು. ನಿಲ್ಲಿಸಿ ಪ್ರಶ್ನೆ ಕೇಳುವುದು, ಬಂದ ಪ್ರಶ್ನೆಗೆ ಉತ್ತರಿಸುವುದು, ಯಾರು ಇದನ್ನು ಮಾಡಿನೋಡುತ್ತೀರಿ ಎಂದು ಬರೆದುಕೊಳ್ಳುವುದು. 16 ಹಳ್ಳಿಗಳ 1,470 ಕುಟುಂಬಗಳಲ್ಲಿ 13 ತಿಂಗಳು ನಡೆದ ಪ್ರಯೋಗದಲ್ಲಿ, ಹೊಸ ಪದ್ಧತಿಗಳನ್ನು ಅಳವಡಿಸಿಕೊಂಡವರು ಮಾಮೂಲಿ ಕೃಷಿ ವಿಸ್ತರಣಾ ಕ್ರಮಕ್ಕಿಂತ ಆರೇಳು ಪಟ್ಟು ಹೆಚ್ಚಿದ್ದರು. ನೋಡಿದ ರೈತರು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಆ ವಿಡಿಯೊದಲ್ಲಿರೋರ ಹೆಸರೇನು? ಯಾವೂರೋರು?’ ಎಂಬುದು. ಪಾಠಕ್ಕಿಂತ ಮೊದಲು ಆಳನ್ನು ತೂಗುವುದು ನಮ್ಮ ಜನರ ಕ್ರಮ, ಅದು ವಿವೇಕದ ಕ್ರಮ ಕೂಡ. ಮೂರು ಸೆಕೆಂಡಿನ ಗಾಳವನ್ನು ಹುಡುಕುವವರು ಈ ಪ್ರಶ್ನೆಗೆ ಉತ್ತರ ಇಟ್ಟಿರುತ್ತಾರೆಯೇ?

ಇನ್ನೂ ಹಿಂದೆ ಹೋದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ. ನಾಸಾದಿಂದ ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ. ಬೆಳಗಿನ ಹೊತ್ತು ಶಾಲಾಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷ. ಅದರ ಕಾರ್ಯಕ್ರಮಗಳು ಎಷ್ಟು ರಂಜಕವಾಗಿದ್ದವೋ, ಬಿಡಿ. ನನಗೆ ಮುಖ್ಯವೆನಿಸುವುದು ಅವರ ಲೆಕ್ಕ ತೆಗೆಯುವ ಕ್ರಮ. ಟಿ.ವಿ. ಆರಿಸಿದ ಮೇಲೆ ಊರಿನಲ್ಲಿ ಏನಾಗುತ್ತದೆ ಎಂದು ತಿಳಿಯಲು ಸಂಶೋಧಕರು ಹಳ್ಳಿಗಳಲ್ಲೇ ಹೋಗಿ ಉಳಿದುಕೊಂಡಿದ್ದರು. ಇವತ್ತು ನಾವು ಕೂತಲ್ಲೇ ಗ್ರಾಫ್ ನೋಡಿ ಎಷ್ಟನೇ ಸೆಕೆಂಡಿಗೆ ಎಷ್ಟು ಜನ ಬಿಟ್ಟುಹೋದರು ಎಂದು ತಿಳಿಯುತ್ತೇವೆ, ಬಿಟ್ಟವರು ಎಲ್ಲಿಗೆ ಹೋದರು ಎಂಬುದನ್ನು ಗ್ರಾಫ್ ಹೇಳುವುದಿಲ್ಲ. ಬೇಸತ್ತು ಹೋದವನೂ ಗರಿ ಮಗುಚಿ ನೋಡಲು ಎದ್ದವನೂ ಅಲ್ಲಿ ಒಂದೇ ಗೆರೆ.

ಹಾಗಿದ್ದರೆ ಶ್ರೀರಾಂಪುರದ ಆ ಮೇಷ್ಟ್ರು, ಆ ಯುವಕ ಹೇಗೆ ಯೋಜಿಸಬೇಕು? ಕ್ಯಾಮೆರಾಕ್ಕಿಂತ ಮೊದಲು ಪ್ರಶ್ನೆ ಕೂಡಿಸಿಕೊಳ್ಳಲಿ. ಸಂತೆಯಲ್ಲಿ, ಹಾಲಿನ ಡೇರಿಯ ಮುಂದೆ, ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಜನ ನಿಜವಾಗಿ ಕೇಳುತ್ತಿರುವುದೇನು ಎಂದು. ಆಮೇಲೆ ಅದೇ ವಿಷಯದಲ್ಲಿ ಊರಿನಲ್ಲಿರುವ ತಪ್ಪು ನಂಬಿಕೆಯನ್ನು ಮರ್ಯಾದೆಯಿಂದಲೇ ಮೊದಲಿಗೆ ಹೇಳಿಸಲಿ. ‘ಕಪ್ಪಾಗಿದೆ ಅಂದ್ರೆ ಔಷಧಿ ಹೊಡೀಲೇಬೇಕು ಕಣಣ್ಣ’ ಎಂದು ಒಬ್ಬ ರೈತ ಹೇಳಲಿ, ಇನ್ನೊಬ್ಬ ಒಪ್ಪದಿರಲಿ. ಹೇಳಿದ್ದು ಸರಿಯೋ ಎಂದು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಒಂದು ಮಾತು ಕೇಳಲಿ. ವಿಡಿಯೊದ ನಡುವೆ ನಿಜವಾಗಿಯೇ ಒಂದು ತಡೆ ಇರಲಿ: ‘ಇಲ್ಲಿ ನಿಲ್ಲಿಸಿ, ನಿಮ್ಮ ತೋಟದ ಕೆಳಗಿನ ಗರಿ ಒಂದನ್ನು ತಂದು ಪಕ್ಕದಲ್ಲಿಟ್ಟುಕೊಂಡು ಮುಂದಕ್ಕೆ ನೋಡಿ.’ ಮೂರು ನಿಮಿಷ ಆಗಲಿ, ಎಂಟಾಗಲಿ. ಎಲ್ಲಿ ಜನ ಹೇಗೂ ಒಟ್ಟಿಗಿರುತ್ತಾರೋ, ಸ್ತ್ರೀಶಕ್ತಿ ಸಂಘದ ವಾರದ ಸಭೆಯೋ, ಡೇರಿಯ ಜಗಲಿಯೋ, ಅಲ್ಲಿ ಒಂದು ಸಲ ತೋರಿಸಲಿ. ಎಷ್ಟು ಜನ ನೋಡಿದರು ಎಂಬುದರ ಬದಲು ತಿರುಗಿ ಬಂದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವಿಡಿಯೊ ಅರ್ಧ ಅಲ್ಲೇ ಸಿದ್ಧವಾಗಿರುತ್ತದೆ.

ಇಂಥ ವಿಡಿಯೊವನ್ನು ಅಲ್ಗಾರಿದಂ ಮೇಲಕ್ಕೆತ್ತುವುದಿಲ್ಲ ಎಂಬ ಆಕ್ಷೇಪ ನಿಜ. ಆದರೆ ಒಂದು ಹೋಬಳಿಯ ತೋಟದವರಿಗೆ ಮಾಡಿದ್ದು ದೇಶವೆಲ್ಲ ಹರಡಬೇಕೆಂದು ಯಾಕೆ ಬಯಸಬೇಕು? ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಕೂರಿಸಿ, ನಿಲ್ಲಿಸಿ, ಕೇಳುವ ಕೆಲಸಕ್ಕೆ ಆಳು ಬೇಕು, ಆಳಿಗೆ ಕೂಲಿ ಬೇಕು. ಡಿಜಿಟಲ್ ಗ್ರೀನ್ ಅದಕ್ಕೆ ಹಣ ಕೊಟ್ಟಿತ್ತು. ನಮ್ಮ ಪಂಚಾಯಿತಿಗಳು ಕೊಡುತ್ತವೆಯೇ, ಕೃಷಿ ಸಖಿಯರಿಗೆ ಈ ಕೆಲಸವನ್ನೂ ವಹಿಸಬಹುದೇ ಎಂಬುದನ್ನು ಕೂತು ಮಾತಾಡಬೇಕು. ಪುಕ್ಕಟೆ ವಿಡಿಯೊ ಹಾಕಿ ಕೈತೊಳೆದುಕೊಳ್ಳುವುದು ಅಗ್ಗ, ಅದಕ್ಕೇ ಅದು ಎಲ್ಲ ಇಲಾಖೆಗಳಿಗೂ ಪ್ರಿಯ.

ಒಂದು ನಿಮಿಷದ ರೀಲ್ಸನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಊರಿನ ಡಂಗುರದ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಯಾವತ್ತು ಕೊನೆ, ಗೋನಿಯೋಜಸ್ ಎಲ್ಲಿ ಸಿಗುತ್ತದೆ, ಬೆಳೆ ವಿಮೆಗೆ ಯಾವ ದಾಖಲೆ ಬೇಕು ಎನ್ನುವುದಕ್ಕೆಲ್ಲ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಂಥವಕ್ಕೆ ಹಾಡೂ ಇರಲಿ, ದಪ್ಪಕ್ಷರವೂ ಇರಲಿ. ನಿಜ ಹೇಳಬೇಕೆಂದರೆ ಅವಕ್ಕೆ ಒಂದು ನಿಮಿಷವೂ ಹೆಚ್ಚೇ, ಇಪ್ಪತ್ತು ಸೆಕೆಂಡು ಸಾಕು.